ದೊಡ್ಡತ್ತೆಯ ಎಡೆಗೆ ಕಾಫಿ ಲಿಕ್ಯೂರ್

ಯಲಹಂಕ ಹಳೇ ಪೇಟೆಯ ಕಾಫಿ ಪುಡಿ ಅಂಗಡಿಯವರು ನನ್ನನ್ನು ಕಂಡರೆ ಸಾಕು, ನಗಲು ಶುರು ಮಾಡುತ್ತಾರೆ. ಮೊನ್ನೆಯೂ ಅಷ್ಟೇ. ಮನೆಗೆ ಅರ್ಧ ಕೆಜಿ ಪುಡಿ ಬೇಕು ಅಂದೆ. "ಮಾಮೂಲಿ ಚಿಕೋರಿ ಹಾಕಿದ್ದಾ ಮೇಡಂ, ಇಲ್ಲಾ ನಿಮ್ಮ ಅತ್ತೆಯವರ ಸ್ಪೆಷಲ್ಲಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹುರಿದ ಬೀಜವನ್ನು ಮೆಷಿನ್ನಿಗೆ ಸುರಿದರು. ಬಿಸಿ ಪುಡಿಯ ವಾಸನೆ ಗಪ್ಪಂತ ಮೂಗಿಗೆ ಬಡಿಯಿತು. ಹೊರಗೆ ಸಣ್ಣಗೆ ಸೋನೆ ಹಿಡಿದಿತ್ತು. ನಾನು ಚೀಲ ಹಿಡಿದು ನಿಂತೇ ಇದ್ದೆ. ಮೂರು ವರ್ಷದ ಹಿಂದಿನ ಶ್ರಾವಣ, ಭಾದ್ರಪದ ಎರಡೂ ಒಟ್ಟಿಗೇ ಬಂದು ಎದುರಿಗೆ ನಿಂತವು.

ಆಗ ನನಗೆ ನಲವತ್ತಾರು. ಸೋಲದೇವನಹಳ್ಳಿಯ ಫಾರ್ಮಸಿ ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟ್. ದ್ರಾವಣ ಅಳೆದು ಕೊಡುವುದು, ಬೀಕರು ಒಡೆದವರನ್ನು ಬೈಯುವುದು ನನ್ನ ಕೆಲಸ. ಮನೆ ಅಟ್ಟೂರಿನಲ್ಲಿ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಎಪ್ಪತ್ತು ದಾಟಿದ ಅತ್ತೆ ಜಯಮ್ಮ. ಹೆಂಡದ ವಾಸನೆ ಬಂದರೆ ಸೆರಗು ಮೂಗಿಗೆ ಹಿಡಿಯುವ ಜಾತಿಯವಳು ನಾನು. ಅಂಥವಳು ಎರಡು ತಿಂಗಳು ಅಡುಗೆಮನೆಯಲ್ಲಿ ಬ್ರಾಂದಿ ಬಾಟ್ಲಿ ಅಲ್ಲಾಡಿಸುತ್ತಾ ಓಡಾಡಿದೆ ಅಂದರೆ ನನಗೇ ಈಗ ನಂಬಿಕೆ ಬರುವುದಿಲ್ಲ.

ಅತ್ತೆ ಮದುವೆಯಾಗಿ ಸೇರಿದ ಮನೆತನ ಚಿಕ್ಕಜಾಲದ್ದು. ಅಣ್ಣ ತಮ್ಮ ಇಬ್ಬರು, ಒಂದೇ ಮನೆ, ರಸ್ತೆ ಪಕ್ಕದಲ್ಲೇ ದ್ರಾಕ್ಷಿ ತೋಟ. ಅಣ್ಣನ ಹೆಂಡತಿ ಪುಟ್ಟತಾಯಮ್ಮ, ನನಗೆ ದೊಡ್ಡತ್ತೆ. ತಮ್ಮನ ಹೆಂಡತಿ ನಮ್ಮತ್ತೆ. ವಾರಗಿತ್ತಿಯರು ಅಂದರೆ ಜಗಳ ಅಂತಲೇ ಎಲ್ಲರ ಲೆಕ್ಕ, ಇವರಿಬ್ಬರದು ಮಾತ್ರ ಒಂದೇ ಉಸಿರು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಊಟ ಬಿಡುತ್ತಿದ್ದರು. ಗಂಡಂದಿರು ಹೋದರು, ಏರ್‌ಪೋರ್ಟ್ ರಸ್ತೆ ಅಗಲವಾಯಿತು, ದ್ರಾಕ್ಷಿ ತೋಟ ಲೇಔಟ್ ಆಯಿತು. ದೊಡ್ಡತ್ತೆಯ ಮಗ ಮಂಜುನಾಥ ಭಾವ ಅಲ್ಲಿ ಮನೆಗಳನ್ನು ಕಟ್ಟಿಸಿ ಮಾರಿದರು. ಹಳೇ ಮನೆಯನ್ನು ಮಾತ್ರ ಒಂದು ಇಟ್ಟಿಗೆ ಅಲುಗಾಡಿಸದೆ ಉಳಿಸಿಕೊಂಡಿದ್ದಾರೆ. ಹಬ್ಬ ಹುಣ್ಣಿಮೆ ಎಲ್ಲ ಈಗಲೂ ಅಲ್ಲೇ.

ಆ ವರ್ಷ ಯುಗಾದಿಗೆ ಮುಂಚೆ ದೊಡ್ಡತ್ತೆ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಇಡೀ ಊರು ಸೇರಿತ್ತು. ಭಾವ ಶಬರಿಮಲೆಗೆ ಹೋಗಿಬಂದು ಕುಡಿತ ಬಿಟ್ಟವರು, ಈಚೆಗೆ ಎಲ್ಲದರಲ್ಲೂ ಕಟ್ಟುನಿಟ್ಟು. ಎಲ್ಲರ ಮುಂದೆ ನಿಂತು ಕಣ್ಣೊರೆಸಿಕೊಂಡು, "ನಮ್ಮವ್ವ ಬೆಳಗ್ಗೆ ಒಂದು ಲೋಟ ಕಾಫಿ ಬಿಟ್ರೆ ಇನ್ನೇನೂ ಮುಟ್ಟಿದವಳಲ್ಲ. ದೇವರಂಥವಳು" ಅಂದರು. ಪಕ್ಕದಲ್ಲಿ ಕೂತಿದ್ದ ಅತ್ತೆ ನನ್ನ ತೊಡೆಯನ್ನು ಜೋರಾಗಿ ಚಿವುಟಿದರು. ದುಃಖ ತಡೆಯಲಾರದೆ ಅಂದುಕೊಂಡೆ. ಅಲ್ಲ, ತಡೆಯಲಾಗದೆ ಇದ್ದದ್ದು ನಗು.

ಗುಟ್ಟು ಹೊರಬಿದ್ದದ್ದು ಶ್ರಾವಣದ ಒಂದು ಸಂಜೆ. ನಾಲ್ಕಕ್ಕೆ ಸರಿಯಾಗಿ ಮಳೆ ಶುರುವಾಗಿ ಬೀದಿಯೆಲ್ಲ ಹೊಳೆಯಾಗಿತ್ತು. ಇಬ್ಬರೂ ಬಾಗಿಲಲ್ಲಿ ಕೂತು ಹಲಸಂದೆ ಬಿಡಿಸುತ್ತಿದ್ದೆವು.

"ಅಕ್ಕ ಕುಡೀತಿದ್ಳು ಕಣೆ ಸುಮಾ" ಅಂದರು ಅತ್ತೆ.

"ಏನತ್ತೆ, ಕಾಫಿನಾ?"

"ಕಾಫಿನೇ. ಅದ್ರಾಗೆ ಒಂದು ಮುಚ್ಚಳ ಬ್ರಾಂದಿ."

ಕೈಯಲ್ಲಿದ್ದ ಹಲಸಂದೆ ಹಾಗೇ ನಿಂತಿತು. ಅತ್ತೆ ಸಿಪ್ಪೆಯನ್ನು ಒಂದೆಡೆ ಗುಡ್ಡೆ ಮಾಡುತ್ತಾ ನಿಧಾನವಾಗಿ ಹೇಳಿದರು. "ಆಗ ಕರೆಂಟು ಬರ್ತಿದ್ದಿದ್ದೇ ಬೆಳಗಿನ ಜಾವ. ದ್ರಾಕ್ಷಿಗೆ ನೀರು ಬಿಡಾಕೆ ನಾವಿಬ್ರೇ ಓಗ್ಬೇಕು. ಕಾಲೆಲ್ಲ ಕೆಸರು, ಮೈಯೆಲ್ಲ ನಡುಕ. ಪಂಪ್‌ಹೌಸ್‌ನಾಗೆ ಸ್ಟಾರ್ಟ್ರು ಇಂದ್ಗಡೆ ನಿಮ್ಮ ದೊಡ್ಡಮಾವನ ಬಾಟ್ಲು ಇರ್ತಿತ್ತು. ಕರೀ ಕಾಫಿ ಕಾಯಿಸ್ಕಂಡು ಅವಳಿಗೊಂದು ಮುಚ್ಚಳ, ನನಗೊಂದು ಮುಚ್ಚಳ. ಕಮ್ಮಿ ಆದಷ್ಟು ನೀರು ಬೆರೆಸಿ ಇಡ್ತಿದ್ವಿ. ನಿಮ್ಮ ದೊಡ್ಡಮಾವ ಅಂಗಡಿಯವನ್ನ ಬೈಯೋದೇ ಬೈಯೋದು, ಮೋಸಗಾರ ಅಂತ!"

ನಾನು ನಕ್ಕು ನಕ್ಕು ಗೋಡೆಗೆ ಒರಗಿದೆ. ಅತ್ತೆ ನಗಲಿಲ್ಲ. ದೊಡ್ಡತ್ತೆ ಹೆಬ್ಬಾಳದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇವರ ಕೈ ಹಿಡಿದು ಕೇಳಿದ್ದರಂತೆ: "ಜಯಾ, ನನ್ನ ಎಡೆಗೆ ಬರೀ ಕಾಫಿ ಇಟ್ಟು ಕಳಿಸ್ಬಿಡಬ್ಯಾಡ ಕಣೆ." ಅತ್ತೆ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟಿದ್ದರು.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರ ಪೂಜೆ. ನಡುಮನೆಯಲ್ಲಿ ಬಾಳೆ ಎಲೆ ಹಾಕಿ, ಹೋದವರಲ್ಲಿ ಯಾರಿಗೆ ಏನು ಇಷ್ಟವೋ ಅದನ್ನು ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗುತ್ತಾರೆ ಎಂಬ ನಂಬಿಕೆ. ಆಮೇಲೆ ಆ ಎಡೆಯನ್ನು ನಾವೇ ಹಂಚಿಕೊಳ್ಳುತ್ತೇವೆ. ದೊಡ್ಡಮಾವನ ಎಲೆಯ ಪಕ್ಕ ಪ್ರತಿ ವರ್ಷ ಬ್ರಾಂದಿ ಬಾಟ್ಲಿ, ಒಂದು ಕಟ್ಟು ಬೀಡಿ. ಕುಡಿತ ಬಿಟ್ಟ ಭಾವನೇ ಅದನ್ನು ಕೈಯಾರೆ ತಂದಿಡುತ್ತಾರೆ. ಹೆಂಗಸರ ಎಲೆಗೆ ಸೀರೆ, ಬಳೆ, ಎಲೆ ಅಡಿಕೆ. ಹೆಂಗಸರಿಗೂ ಬಾಟ್ಲಿ ಇಡಬಹುದು ಅಂತ ಯಾರ ತಲೆಗೂ ಬಂದಿರಲಿಲ್ಲ.

ಮಾತು ಉಳಿಸಿಕೊಳ್ಳುವುದು ಹೇಗೆ? ಆ ಮನೆಯ ಅಡುಗೆ ಕೋಣೆಯಲ್ಲಿ ಅಂದು ಹತ್ತು ಜನ ಹೆಂಗಸರು ಇರುತ್ತಾರೆ, ಅವರ ಮುಂದೆ ಕಾಫಿಗೆ ಬ್ರಾಂದಿ ಬೆರೆಸುವುದು ಆಗದ ಮಾತು. ಭಾವನಿಗೆ ಹೇಳೋಣ ಅಂದರೆ, ದೇವರಂಥ ಅವ್ವನ ಮೇಲೆ ಕೆಟ್ಟ ಹೆಸರು ಹೊರಿಸಿದಿರಿ ಅಂತ ಮುಖ ತಿರುಗಿಸಿಬಿಟ್ಟರೆ? ಅತ್ತೆಗೆ ಅದು ತಾನು ಮದುವೆಯಾಗಿ ಕಾಲಿಟ್ಟ ಮನೆ. ಭಾವನನ್ನು ಎತ್ತಿ ಆಡಿಸಿದ ಕೈ ಅವರದು. ಆ ಬಾಗಿಲು ಮುಚ್ಚಿದರೆ ಈ ವಯಸ್ಸಿನಲ್ಲಿ ಅವರು ತಡೆಯುತ್ತಿರಲಿಲ್ಲ. ಅದೇ ವಾರ ನಾನು ಫೋನಿನಲ್ಲಿ ಒಂದು ವಿಡಿಯೋ ನೋಡಿದೆ: ಮನೆಯಲ್ಲೇ ಕಾಫಿ ಲಿಕ್ಯೂರ್ ಮಾಡುವುದು. ಕಾಫಿ, ಸಕ್ಕರೆ, ಬ್ರಾಂದಿ, ಮೂರೂ ಒಂದಾಗಿ ಕುಳಿತ ಕಪ್ಪು ಪಾನಕ. ನೋಡಲು ಥೇಟು ಕರೀ ಕಾಫಿ! ಫೋನು ಹಿಡಿದು ಅತ್ತೆಯ ಕೋಣೆಗೆ ಓಡಿದೆ.

"ರೆಡಿಮೇಡೂ ಸಿಗುತ್ತಂತೆ ಅತ್ತೆ, ತಂದುಬಿಡೋಣ್ವಾ?"

"ಗಂಡಸ್ರಿಗೆ ಅಂಗಡೀದು ಸಾಕು" ಅಂದರು ಅತ್ತೆ. "ಅಕ್ಕ ಓಟ್ಲು ಕಾಫಿ ಒಂದಿನ ಕುಡಿದವಳಲ್ಲ. ನಾವೇ ಮಾಡಾನ."

ಬ್ರಾಂದಿ ತರಲು ಯಲಹಂಕ ನ್ಯೂ ಟೌನಿನ ಅಂಗಡಿಗೆ ಇಬ್ಬರೂ ಹೋದೆವು. ಮಾಲ್ ತರಹ ಗಾಜು, ಏಸಿ, ತಳ್ಳುವ ಗಾಡಿ. ನಾನು ಮಾಸ್ಕ್ ಹಾಕಿಕೊಂಡು, ದುಪಟ್ಟಾ ತಲೆ ಮೇಲೆ ಎಳೆದುಕೊಂಡು ಕಳ್ಳಿಯಂತೆ ಒಳಗೆ ಹೋದರೆ, ಅತ್ತೆ ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು ತರಕಾರಿ ಮಾರ್ಕೆಟ್ಟಿಗೆ ಬಂದವರಂತೆ ನಡೆದರು. "ಚೆನ್ನಾಗಿರೋದು ಕೊಡಪ್ಪ, ಇರೀಕರಿಗೆ" ಎಂದು ಗಟ್ಟಿಯಾಗಿ ಹೇಳಿದರು. ಕೌಂಟರಿನವನು ಎದ್ದು ನಿಂತು, ಎರಡೂ ಕೈಯಲ್ಲಿ ಬಾಟ್ಲಿ ಕೊಟ್ಟ. ನಾನು ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ಮೊದಲ ಪ್ರಯತ್ನ ಪೂರ್ತಿ ಎಡವಟ್ಟು. ಮನೆಯಲ್ಲಿದ್ದ ಫಿಲ್ಟರ್ ಪುಡಿಯಿಂದಲೇ ಗಟ್ಟಿ ಡಿಕಾಕ್ಷನ್ ಇಳಿಸಿದೆ. ಅತ್ತೆ ಸಕ್ಕರೆ ಪಾಕಕ್ಕೆ ನಿಂತರು. ಮೈಸೂರು ಪಾಕು, ಚಿರೋಟಿ ಮಾಡಿ ಪಳಗಿದ ಕೈ, ಬೆರಳಿಗೆ ಅಂಟಿಸಿ ಎಳೆದು ನೋಡಿ, "ಒಂದೆಳೆ ಬಂತು, ಇಳಿಸು" ಅಂದರು. ಎಲ್ಲ ಸೇರಿಸಿ ಬಾಟ್ಲಿಗೆ ತುಂಬಿ, ಕತ್ತಲಿರಲಿ ಅಂತ ಅಕ್ಕಿ ಡಬ್ಬದ ಹಿಂದೆ ಇಟ್ಟೆವು. ವಾರ ಕಳೆದು ತೆಗೆದರೆ ಒಂದೆಳೆ ಪಾಕ ತಳದಲ್ಲಿ ಕಲ್ಲುಸಕ್ಕರೆಯಾಗಿ ಕೂತಿದೆ! ಚಿಕೋರಿಯ ದೆಸೆಯಿಂದ ಮೇಲಿನದೆಲ್ಲ ಅಂಟು ಅಂಟು. ಬಗ್ಗಿಸಿದರೆ ಬೀಳುವುದೇ ಇಲ್ಲ. ಕೊನೆಗೆ ಅತ್ತೆ ಚಮಚ ಹಾಕಿ ತೆಗೆದು ಬಾಯಿಗಿಟ್ಟು, "ಕೆಮ್ಮಿನ ಔಷಧಿ ಇದಕ್ಕಿಂತ ವಾಸಿ" ಅಂದರು. ಯಜಮಾನರು ಅಡುಗೆಮನೆ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡರು. "ಮಂಜಣ್ಣಂಗೆ ಗೊತ್ತಾದ್ರೆ ನನ್ನನ್ನೂ ಸೇರಿಸಿ ಆಚೆ ಹಾಕ್ತಾನೆ. ನಾನೇನೂ ನೋಡಿಲ್ಲಪ್ಪ" ಎಂದು ಹೋಗಿ ಟಿವಿ ಮುಂದೆ ಕೂತರು.

ಸೋತ ಸಿಟ್ಟಿಗೆ ನನ್ನೊಳಗಿನ ಲ್ಯಾಬ್ ಅಸಿಸ್ಟೆಂಟ್ ಎದ್ದು ನಿಂತಳು. ಹಳೇ ಪೇಟೆಯ ಅಂಗಡಿಗೆ ಹೋಗಿ, ಚಿಕೋರಿ ಒಂದು ಚೂರೂ ಬೇಡ, ಬೀಜ ತರಿ ತರಿ ಇರಲಿ ಅಂದೆ. "ಯಾಕೆ ಮೇಡಂ, ಗಿಡಕ್ಕೆ ಗೊಬ್ಬರಾನಾ?" ಅಂದರು ಅಂಗಡಿಯವರು. "ನಮ್ಮತ್ತೆದು ಒಂದು ಸ್ಪೆಷಲ್" ಅಂದೆ. ಈ ಸಲ ಕುದಿಸುವ ರಗಳೆಯೇ ಇಲ್ಲ. ತರಿಯನ್ನು ಸೀದಾ ಬ್ರಾಂದಿಯಲ್ಲಿ ನೆನೆಹಾಕಿದೆ. ದಿನಾ ಬೆಳಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಬಾಟ್ಲಿ ಅಲ್ಲಾಡಿಸುವುದು, ಸಂಜೆ ಮಳೆಯಲ್ಲಿ ನೆನೆದು ಬಂದವಳು ಚಪ್ಪಲಿ ಬಿಡುವ ಮುಂಚೆ ಬಣ್ಣ ನೋಡುವುದು. ಜೇನಿನ ಬಣ್ಣ ಕಂದಾಯಿತು, ಕಂದು ಕಪ್ಪಾಯಿತು. ತಲೆಯ ಮೇಲೆ ಏರ್‌ಫೋರ್ಸ್ ವಿಮಾನಗಳು ಗುಂಯ್ಗುಡುತ್ತಿದ್ದರೂ ನನ್ನ ಗಮನವೆಲ್ಲ ಆ ಬಾಟ್ಲಿಯ ಮೇಲೆ. ಕಾಲೇಜಿನ ಮಕ್ಕಳು ಪರೀಕ್ಷೆ ಬರೆಯುವಾಗಲೂ ನಾನು ಅಷ್ಟು ಚಡಪಡಿಸಿರಲಿಲ್ಲ. ಸಕ್ಕರೆಯನ್ನು ಬಿಸಿನೀರಲ್ಲಿ ಬರೀ ಕರಗಿಸಿ, ಪೂರ್ತಿ ಆರಿಸಿ ಸೇರಿಸಿದೆ. ಅತ್ತೆ ರುಚಿ ನೋಡಿದರು, ಕಣ್ಣು ಮುಚ್ಚಿದರು.

"ದಾರಿಗೆ ಬಂತು. ಆದ್ರೆ ಕಹಿ. ಬೀಜ ಜಾಸ್ತಿ ದಿನ ನೆಂದೈತೆ."

ಹದಿನೈದು ದಿನ ನೆನೆಸಿದ್ದೆ. ಹತ್ತೇ ದಿನ ಸಾಕು, ಬೀಜವೂ ಸ್ವಲ್ಪ ಕಡಿಮೆ ಇರಲಿ ಎಂದು ಪುಸ್ತಕದಲ್ಲಿ ಬರೆದುಕೊಂಡು, ಇನ್ನೊಂದು ಸಲ ಮಾಡಿ ನೋಡಿಬಿಡೋಣ ಅಂದೆ. ಅತ್ತೆ ಗೋಡೆಯ ಪಂಚಾಂಗ ತೋರಿಸಿದರು. ಅಮಾವಾಸ್ಯೆಗೆ ಉಳಿದಿದ್ದದ್ದು ಇಪ್ಪತ್ತಮೂರೇ ದಿನ. ಇನ್ನು ಮಾಡಿದರೆ ಅದು ಎಡೆಯದ್ದೇ. ನನಗೆ ಆಗ ಹೊಳೆಯಿತು. ಎಡೆಗೆ ಮಾಡಿದ್ದನ್ನು ರುಚಿ ನೋಡುವ ಹಾಗಿಲ್ಲ! ಸಾರಿಗೆ ಉಪ್ಪು ಸರಿಯಾಗಿದೆಯೋ ಅಂತಲೂ ನಾಲಗೆಗೆ ಹಚ್ಚಬಾರದು, ಹಿರಿಯರಿಗಿಂತ ಮುಂಚೆ ಉಂಡಂತೆ ಆಗುತ್ತದೆ.

"ಸಾರಾದ್ರೆ ನೂರು ಸಲ ಮಾಡಿರ್ತೀವಿ, ಅತ್ತೆ. ಇದನ್ನ ಬಾಯಿಗೆ ಹಾಕ್ದೆ ಎಂಗೆ ಗೊತ್ತಾಗುತ್ತೆ?"

"ಮೂಸ್ಲೂಬಾರ್ದು" ಅಂದರು ಅತ್ತೆ. "ದೇವ್ರ ಹೂವ ಮೂಸ್ತೀಯಾ? ಇದೂ ಅಂಗೇಯ."

ಹಾಗಾಗಿ ಆ ಮೂರನೇ ಬಾಟ್ಲಿಯನ್ನು ನಾವು ಮಾಡಿದ ಸೊಗಸನ್ನು ಯಾರಾದರೂ ನೋಡಬೇಕಿತ್ತು. ಅತ್ತೆ ತಲೆಗೆ ಸ್ನಾನ ಮಾಡಿ, ಮಡಿಯಲ್ಲಿ, ಸೆರಗನ್ನು ಮೂಗಿಗೆ ಬಿಗಿದುಕೊಂಡು ನಿಂತರು. ನಾನು ಕಾಲೇಜಿನ ಮಾಸ್ಕ್ ಎರಡು ಪದರ ಹಾಕಿಕೊಂಡೆ. ಹೊಸ ಪಂಚೆ ಬಟ್ಟೆಯಲ್ಲಿ ಸೋಸುವಾಗ ಒಬ್ಬರ ಮುಖ ಒಬ್ಬರು ನೋಡಿ ನಗು ಉಕ್ಕಿ, ನಕ್ಕರೆ ಉಸಿರು ಒಳಗೆ ಹೋಗುತ್ತದೆ ಅಂತ ತುಟಿ ಕಚ್ಚಿಕೊಂಡು ಒದ್ದಾಡಿದೆವು. ಅಳತೆಯೆಲ್ಲ ನನ್ನ ಅಳತೆ ಪಾತ್ರೆಯದು. ಅತ್ತೆ ಕಣ್ಣಳತೆಯವರು, ಎರಡು ಸಲ ಏಲಕ್ಕಿ ಹಿಡಿದು ಬಂದರು, ಎರಡು ಸಲವೂ ಕೈ ಹಿಡಿದು ವಾಪಸ್ಸು ಕಳಿಸಿದೆ. "ಅಡುಗೆಮನೇಲಿ ನನಗೇ ಕಾನೂನು ಏಳ್ತೀಯಾ?" ಎಂದು ಗೊಣಗಿದರೂ ಮಾತು ಕೇಳಿದರು. ಬಾಟ್ಲಿಗೆ ಬಿರಡೆ ಹಾಕಿ, ಮೇಲೆ ಅರಿಶಿನದ ದಾರ ಕಟ್ಟಿದೆವು. ಅಲ್ಲಿಂದ ಮುಂದಕ್ಕೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನವೆಲ್ಲ ಸುರಿದ ಮಳೆ ಬೆಳಗ್ಗೆಯೂ ನಿಂತಿರಲಿಲ್ಲ. ಸರ್ವಿಸ್ ರಸ್ತೆಯಲ್ಲಿ ಮೊಳಕಾಲುದ್ದ ನೀರು. ಕಾರು ಒಂದು ಕಡೆ ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಯಜಮಾನರು ಪ್ಯಾಂಟು ಮಡಿಸಿ ಇಳಿದು ತಳ್ಳಿದರು, ನಾನು ಸ್ಟೇರಿಂಗ್ ಹಿಡಿದೆ. ಹಿಂದಿನ ಸೀಟಿನಲ್ಲಿ ಅತ್ತೆ, ತಮ್ಮ ಹಳೇ ಸೀರೆಯಲ್ಲಿ ಸುತ್ತಿದ ಬಾಟ್ಲಿಯನ್ನು ಎದೆಗೆ ಅವುಚಿಕೊಂಡು, "ಕಾರು ಓದ್ರೆ ಓಗ್ಲಿ, ಇದು ಒಡೀಬಾರ್ದು" ಎನ್ನುತ್ತಿದ್ದರು. ಸ್ವಂತ ಮಗ ನೀರಲ್ಲಿ ನಿಂತಿದ್ದ!

ಚಿಕ್ಕಜಾಲದ ಮನೆ ತುಂಬ ಜನ. ಭಾವನ ಹೆಂಡತಿ ಸುಜಾತಕ್ಕ ಸೌಟು ಹಿಡಿದು ಎಲ್ಲರನ್ನೂ ಓಡಾಡಿಸುತ್ತಿದ್ದರು. ನಡುಮನೆಯಲ್ಲಿ ಐದು ಎಲೆ. ದೊಡ್ಡಮಾವನ ಎಲೆಯ ಪಕ್ಕ ಆಗಲೇ ಬಾಟ್ಲಿ ಬಂದು ಕೂತಿತ್ತು. ಅತ್ತೆ ದೊಡ್ಡತ್ತೆಯ ಸ್ಟೀಲ್ ಲೋಟವನ್ನು ತೊಳೆದು ತಂದು, ಬಾಗಿಲ ಮರೆಯಲ್ಲಿ ನಮ್ಮದನ್ನು ಬಗ್ಗಿಸಿದರು. ಎಲೆಯ ಪಕ್ಕ ಲೋಟ ಇಡುತ್ತಿದ್ದ ಹಾಗೇ ಸುಜಾತಕ್ಕ ಒಳಗೆ ಬಂದರು.

"ಏನು ಚಿಕ್ಕತ್ತೆ, ಹಾಲಿಲ್ದೆ ಇರೋ ಕಾಫಿ?"

"ಅಕ್ಕಂಗೆ ಕರೀದೇ ಇಷ್ಟ."

"ಹೊಗೆನೇ ಆಡ್ತಿಲ್ಲ, ಆರೋಗೈತೆ."

"ಆರಿದ್ದೇ ಇಷ್ಟ" ಅಂದರು ಅತ್ತೆ, ರೆಪ್ಪೆ ಬಡಿಯದೆ. ನಾನು ತಿರುಗಿ ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

ಧೂಪ ಹಾಕಿ, ಕಾಯಿ ಒಡೆದು, ಬಾಗಿಲು ಮುಚ್ಚಿ ಎಲ್ಲರೂ ಜಗುಲಿಗೆ ಬಂದೆವು. ಮೂವತ್ತು ಜನ ಇದ್ದರೂ ಪಿಸುಮಾತಿಗಿಂತ ದೊಡ್ಡ ದನಿ ಇಲ್ಲ. ಮಳೆ ನಿಂತು ಸೂರಿನಿಂದ ಹನಿ ಬೀಳುತ್ತಿತ್ತು. ಅತ್ತೆ ನನ್ನ ಕೈ ಹಿಡಿದು ಕೂತಿದ್ದರು. "ಚೆನ್ನಾಗಿರ್ತದಾ?" ಎಂದು ಕಿವಿಯಲ್ಲಿ ಕೇಳಿದರು. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಕಹಿಯೋ, ಸಿಹಿಯೋ, ಬರೀ ಖಾರದ ಸ್ಪಿರಿಟ್ಟೋ. ಜೊತೆಗೆ ಇನ್ನೊಂದು ಭಯ ಆಗಷ್ಟೇ ಹುಟ್ಟಿತ್ತು. ಎಡೆ ಹಂಚುವಾಗ ಆ ಲೋಟವನ್ನು ಮೊದಲು ಯಾರು ಎತ್ತಿಕೊಳ್ಳುತ್ತಾರೆ? ಅಷ್ಟು ದಿನ ಅಳೆದೂ ಅಳೆದೂ ಮಾಡಿದವಳು ಇದನ್ನೊಂದು ಯೋಚಿಸಿಯೇ ಇರಲಿಲ್ಲ.

ಭಾವ ಎದ್ದರು, ಕೆಮ್ಮಿದರು, ಬಾಗಿಲು ತಟ್ಟಿದರು, ತೆಗೆದರು. ಮೊದಲು ಹಿರೀ ಮಗನೇ ಹೋಗಬೇಕು. ಒಳಗೆ ಒಂದು ಹೆಜ್ಜೆ ಇಟ್ಟವರು ಅಲ್ಲೇ ನಿಂತುಬಿಟ್ಟರು. ಕಿಟಕಿ ಬಾಗಿಲು ಮುಚ್ಚಿದ್ದ ಕೋಣೆಯಲ್ಲಿ ಧೂಪದ ಹೊಗೆಯನ್ನೂ ಮೀರಿ ಆ ವಾಸನೆ ತುಂಬಿಕೊಂಡಿತ್ತು. ನಾನೂ ಅದನ್ನು ಅವತ್ತೇ ಮೊದಲ ಸಲ ಮೂಸಿದ್ದು. ಹುರಿದ ಕಾಫಿ, ಅದರ ಹಿಂದೆ ಬೆಚ್ಚಗೆ ಇನ್ನೊಂದು ಏನೋ. ಭಾವ ನೇರವಾಗಿ ಹೋಗಿ, ದೊಡ್ಡತ್ತೆಯ ಎಲೆಯ ಮುಂದೆ ಮಂಡಿಯೂರಿ, ಲೋಟ ಎತ್ತಿ ಮುಖದ ಹತ್ತಿರ ಹಿಡಿದರು. ಅತ್ತೆಯ ಉಗುರು ನನ್ನ ಕೈಗೆ ನಾಟಿತ್ತು.

"ಯಾರು ಮಾಡಿದ್ದು ಇದನ್ನ?" ಅಂದರು ಭಾವ.

ಅತ್ತೆ ನನ್ನ ಕೈ ಬಿಟ್ಟು ಮುಂದೆ ಹೋದರು. "ನಾನು ಕಣಪ್ಪ."

"ಇದು ಬರೀ ಕಾಫಿ ಅಲ್ಲ."

"ಅಲ್ಲ."

ಭಾವ ಮತ್ತೆ ಲೋಟವನ್ನು ಮೂಗಿಗೆ ಹಿಡಿದರು. ಆ ದೊಡ್ಡ ಮೈಯ ಮನುಷ್ಯ, ಕಟ್ಟಡದ ಕೆಲಸದವರೆಲ್ಲ ಹೆದರುವ ಮನುಷ್ಯ, ಚಿಕ್ಕ ಹುಡುಗನ ದನಿಯಲ್ಲಿ, "ಚಿಕ್ಕವ್ವ, ಇದು ನಮ್ಮವ್ವನ ವಾಸನೆ" ಅಂದರು. "ತೋಟದಿಂದ ಬಂದು ನನ್ನ ಏಳಿಸ್ತಿದ್ಲಲ್ಲ, ಸ್ಕೂಲಿಗೆ ಹೊತ್ತಾಯ್ತು ಅಂತ ಕೆನ್ನೆಗೆ ಕೆನ್ನೆ ಇಟ್ಟು, ಆಗ ಬರ್ತಿತ್ತು. ನಾನು ಅವ್ವ ಅಂದ್ರೆ ಇಂಗೇ ವಾಸನೆ ಇರ್ತಾಳೆ ಅನ್ಕೊಂಡಿದ್ದೆ. ಆಸ್ಪತ್ರೇಲಿ ಹುಡುಕ್ದೆ, ಇರಲಿಲ್ಲ. ಅವಳ ಸೀರೇಲಿ ಹುಡುಕ್ದೆ, ಇರಲಿಲ್ಲ."

ಆಮೇಲೆ ಜೋರಾಗಿ ಅತ್ತರು. ಅಳುತ್ತಲೇ ನಗಲು ಶುರು ಮಾಡಿದರು. "ಅಪ್ಪ ಅಂಗಡಿಯವನ ಮೇಲೆ ಕೂಗಾಡ್ತಿದ್ದನಲ್ಲೇ ಚಿಕ್ಕವ್ವ!" ಅತ್ತೆ ತಲೆ ತಗ್ಗಿಸಿದರು. ಸುಜಾತಕ್ಕ ಸೌಟು ಹಿಡಿದೇ ಬಾಯಿ ತೆರೆದು ನಿಂತಿದ್ದರು. ನನಗೆ ಕುಣಿದುಬಿಡಬೇಕು ಅನ್ನಿಸುತ್ತಿತ್ತು. ನಾಲಗೆಗೆ ತಾಕಿಸದೆ, ಮೂಗಿಗೆ ಹಿಡಿಯದೆ ಮಾಡಿದ್ದು ಸರಿಯಾಗಿ ಬಂದಿತ್ತು! ಒಂದು ತೊಟ್ಟೂ ಆಚೀಚೆ ಆಗದೆ ಬಂದಿತ್ತು!

ವ್ರತ ಹಿಡಿದ ಭಾವ ಕುಡಿಯಲಿಲ್ಲ. ಲೋಟಕ್ಕೆ ಬೆರಳ ತುದಿ ಅದ್ದಿ ಕಣ್ಣಿಗೊತ್ತಿಕೊಂಡು, ಲೋಟವನ್ನು ಅತ್ತೆಯ ಕೈಗೆ ಕೊಟ್ಟರು. "ಅವ್ವನ ಪಾಲು ಅವ್ವ ಕುಡಿದವಳೆ. ಉಳಿದಿದ್ದು ನಿಂದು."

ಅತ್ತೆ ಲೋಟ ತೆಗೆದುಕೊಂಡರು. ನಲವತ್ತು ವರ್ಷದ ಅಭ್ಯಾಸ, ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದರು. ಭಾವ ಅವರ ಎರಡೂ ಭುಜ ಹಿಡಿದು ಮೆಲ್ಲಗೆ ನಮ್ಮ ಕಡೆಗೆ ತಿರುಗಿಸಿದರು.

"ಇತ್ಲಾಗೆ ತಿರುಗಿ ಕುಡಿ ಚಿಕ್ಕವ್ವ" ಅಂದರು.

ಮೂವತ್ತು ಜನ ನೋಡುತ್ತಿದ್ದ ಹಾಗೇ ಅತ್ತೆ ಸೆರಗು ಕೆಳಗಿಳಿಸಿ, ತಲೆ ಎತ್ತಿ, ಒಂದೊಂದೇ ಗುಟುಕು, ಲೋಟ ಖಾಲಿಯಾಗುವವರೆಗೂ ಕುಡಿದರು.